ಡೈವಿಂಗ್ ವಾಚಿನ ಬೆಲ್ಟು: ಬೆಳೆದುಬಂದ ದಾರಿ

ಡೈವಿಂಗ್ ವಾಚಿನ ಚರಿತ್ರೆಯಲ್ಲಿ ನೀರು ನುಗ್ಗದ ಕೇಸಿಗೆ ಸಿಕ್ಕಷ್ಟು ಗಮನ, ಅದನ್ನು ಮಣಿಕಟ್ಟಿನಲ್ಲಿ ಉಳಿಸುವ ಬೆಲ್ಟು ಮತ್ತು ಪಿನ್ನುಗಳಿಗೆ ಸಿಕ್ಕಿಲ್ಲ. ಆದರೆ 300 ಮೀಟರ್ ಆಳದ ಒತ್ತಡ ತಾಳುವ ವಾಚು ಕೂಡ ತೆಳುವಾದ ಒಂದು ಪಿನ್ನು ಕಳಚಿದರೆ ಸಮುದ್ರದ ಪಾಲಾಗುತ್ತದೆ.

1927ರಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಈಜಿದ ಮರ್ಸಿಡೀಸ್ ಗ್ಲೈಟ್ಸೆ ತಮ್ಮ ರೋಲೆಕ್ಸ್ ಆಯ್‌ಸ್ಟರ್ ವಾಚನ್ನು ಕೊರಳಿಗೆ ಕಟ್ಟಿಕೊಂಡಿದ್ದರು. 1930ರ ದಶಕದಲ್ಲಿ ಇಟಲಿಯ ನೌಕಾಪಡೆಗಾಗಿ ಪನೆರಾಯ್ ಸಂಸ್ಥೆ ಒದಗಿಸಿದ ವಾಚುಗಳಲ್ಲಿ ಬೆಲ್ಟು ಸಿಕ್ಕಿಸುವ ಚಾಚುಗಳು, ಅಂದರೆ ಲಗ್‌ಗಳು, ಕೇಸಿಗೆ ಬೆಸೆದ ತಂತಿಯವಾಗಿದ್ದವು. ಅವು ಸಾಕಷ್ಟು ಗಟ್ಟಿಯಲ್ಲವೆಂದು ಕಂಡುಬಂದ ಮೇಲೆ ಕೇಸಿನ ಲೋಹದಿಂದಲೇ ಲಗ್‌ಗಳನ್ನು ಕಡೆಯುವ ಪದ್ಧತಿ ಬಂದಿತು.

ಮುಂದಿನ ತೊಡಕು ಮುಳುಗುವವರ ಉಡುಪಿನಿಂದ ಬಂದದ್ದು. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚುವುದರಿಂದ, ನಿಯೋಪ್ರೀನ್ ಎಂಬ ರಬ್ಬರಿನ ಉಡುಪಿನೊಳಗಿನ ಗಾಳಿಗುಳ್ಳೆಗಳು ಕುಗ್ಗಿ ಉಡುಪು ತೆಳುವಾಗುತ್ತದೆ. ದಡದಲ್ಲಿ ಅದರ ಮೇಲೆ ಬಿಗಿಯಾಗಿ ಕಟ್ಟಿದ ಬೆಲ್ಟು ಆಳದಲ್ಲಿ ಸಡಿಲಗೊಂಡು ವಾಚು ಮಣಿಕಟ್ಟಿನ ಸುತ್ತ ತಿರುಗತೊಡಗುತ್ತದೆ. 1975ರಲ್ಲಿ ಸೀಕೋ ತನ್ನ 600 ಮೀಟರ್ ವಾಚಿನ ಬೆಲ್ಟಿಗೆ ಹಾರ್ಮೋನಿಯಮ್ಮಿನ ತಿದಿಯಂತೆ ಹಿಗ್ಗಿ ಕುಗ್ಗುವ ಮಡಿಕೆಗಳನ್ನು ಕೊಟ್ಟಿತು. ಲೋಹದ ಚೈನಿನಲ್ಲಿ ಇದೇ ಕೆಲಸ ಕೊಂಡಿಯದಾಗಿದ್ದು, ರೋಲೆಕ್ಸ್ 2008ರಲ್ಲಿ ಸುಮಾರು 2 ಮಿಲಿಮೀಟರಿನಷ್ಟು ಸಣ್ಣ ಹಂತಗಳಲ್ಲಿ ಉದ್ದವನ್ನು ಹೊಂದಿಸಬಲ್ಲ ಕೊಂಡಿಯನ್ನು ತಂದಿತು.

ಆದರೂ ನಿಜವಾದ ದೌರ್ಬಲ್ಯ ಉಳಿದದ್ದು ಸ್ಪ್ರಿಂಗ್ ಬಾರಿನಲ್ಲಿ, ಅಂದರೆ ಒಳಗಿನ ಸ್ಪ್ರಿಂಗಿನ ಬಲದಿಂದ ತುದಿಗಳು ಲಗ್ಗಿನ ರಂಧ್ರಗಳಲ್ಲಿ ಕೂರುವ ಪಿನ್ನಿನಲ್ಲಿ. ಬ್ರಿಟಿಷ್ ಸೇನೆಯ ವಾಚುಗಳಲ್ಲಿ ಇದರ ಬದಲು ಕಳಚಲಾಗದ ಕಂಬಿಗಳನ್ನು ಬಳಸಲಾಯಿತು. 1973ರಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆ ನಿಗದಿಪಡಿಸಿದ, ಇಂದು ನ್ಯಾಟೋ ಬೆಲ್ಟೆಂದು ಹೆಸರಾದ ನೈಲಾನ್ ಪಟ್ಟಿ ಎರಡೂ ಪಿನ್ನುಗಳ ಒಳಗಿನಿಂದ ವಾಚಿನ ಬೆನ್ನಿಗೆ ಒಂದೇ ತುಂಡಾಗಿ ಹಾಯುವುದರಿಂದ, ಒಂದು ಪಿನ್ನು ಮುರಿದರೂ ಇನ್ನೊಂದು ವಾಚನ್ನು ಹಿಡಿದಿರುತ್ತದೆ. ಡೈವಿಂಗ್ ವಾಚಿನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 6425 ಈ ಪಿನ್ನುಗಳನ್ನು ವಿರುದ್ಧ ದಿಕ್ಕುಗಳಲ್ಲಿ 200 ನ್ಯೂಟನ್ ಬಲದಿಂದ, ಅಂದರೆ ಸುಮಾರು 20 ಕಿಲೋ ತೂಕದಷ್ಟು ಬಲದಿಂದ, ಎಳೆದು ಪರೀಕ್ಷಿಸುತ್ತದೆ.

  

ಇಂದು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಜನಪ್ರಿಯವಾಗಿರುವಾಗ ಈ ಚರಿತ್ರೆಯ ಪಾಠ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಉಪ್ಪುನೀರು ಪಿನ್ನಿನೊಳಗಿನ ಸ್ಪ್ರಿಂಗನ್ನು ಹೊರಗೆ ಕಾಣದಂತೆ ತಿನ್ನುವುದರಿಂದ, ಪ್ರತಿ ಮುಳುಗಿನ ನಂತರ ವಾಚನ್ನು ಸಿಹಿನೀರಿನಲ್ಲಿ ತೊಳೆಯುವುದೂ, ಕಾಲಕಾಲಕ್ಕೆ ಪಿನ್ನುಗಳನ್ನು ಬದಲಿಸುವುದೂ ಅಗತ್ಯ. ಬೆಂಗಳೂರಿನ ಮಲ್ಲತ್ತಹಳ್ಳಿ, ವಿಜಯನಗರದಂಥ ಬಡಾವಣೆಗಳ ವಾಚ್ ರಿಪೇರಿ ಅಂಗಡಿಗಳಲ್ಲೂ ಆಗಬಹುದಾದ ಈ ಸಣ್ಣ ಕೆಲಸವನ್ನು ಪ್ರವಾಸಕ್ಕೆ ಹೊರಡುವ ಮುನ್ನವೇ ಮುಗಿಸಿಕೊಂಡು, ಹೊಸ ಪಿನ್ನು ರಂಧ್ರದಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆಲ್ಟನ್ನು ಎಳೆದು ನೋಡಿಕೊಳ್ಳುವುದು ಒಳಿತು.