ಗೆಳೆಯರು ತಿದ್ದಿದ ಸಂಗೀತ: ಪೀಟರ್ಸ್‌ಬರ್ಗ್‌ನ ಐವರು ಹವ್ಯಾಸಿಗಳು

ಇವತ್ತಿನ ಎಪಿಸೋಡ್ ಕೇಳೋವಾಗ ಇಯರ್‌ಫೋನ್ ಜೊತೆಗಿರಲಿ, ಕೊನೆಯಲ್ಲಿ ಒಂದು ಕೆಲಸ ಕೊಡ್ತೀನಿ.

1940ರಲ್ಲಿ ಬಂದ ಡಿಸ್ನಿಯ ‘ಫ್ಯಾಂಟೇಸಿಯಾ’ ಸಿನಿಮಾ ನೋಡಿದೀರಾ? ಕೊನೇ ಭಾಗದಲ್ಲಿ ಒಂದು ಬೆಟ್ಟದ ತುದಿ ರೆಕ್ಕೆ ಬಿಚ್ಚಿ ದೈತ್ಯ ಆಗುತ್ತೆ, ದೆವ್ವಗಳು ಕುಣೀತವೆ. ಹಿಂದೆ ಬರೋ ಸಂಗೀತದ ಹೆಸರು ‘ನೈಟ್ ಆನ್ ಬಾಲ್ಡ್ ಮೌಂಟನ್’, ಅಂದ್ರೆ ಬೋಳು ಬೆಟ್ಟದ ಮೇಲೆ ಒಂದು ರಾತ್ರಿ. ಬರೆದವನು ಮಾಡೆಸ್ಟ್ ಮುಸ್ಸೋರ್ಗ್ಸ್ಕಿ ಅಂತ ಎಲ್ಲ ಕಡೆ ಇರುತ್ತೆ. ಆದ್ರೆ ಸಿನಿಮಾದಲ್ಲಿ ಕೇಳ್ಸೋದು ಅವನು ಬರೆದಿಟ್ಟ ಹಾಗೇ ಇಲ್ಲ. ಅವನು ಸತ್ತ 5 ವರ್ಷದ ಮೇಲೆ ಒಬ್ಬ ಗೆಳೆಯ ಅದನ್ನ ತಿದ್ದಿ ಬರೆದ. ಸಿನಿಮಾಕ್ಕಾಗಿ ಕಂಡಕ್ಟರ್ ಸ್ಟೊಕೊವ್‌ಸ್ಕಿ ಅದನ್ನ ಇನ್ನೊಂದು ಸಲ ಬದಲಾಯಿಸಿದ. ಮುಸ್ಸೋರ್ಗ್ಸ್ಕಿ 1867ರಲ್ಲಿ ಬರೆದ ಮೂಲ ಅಚ್ಚಾಗಿದ್ದು 1968ರಲ್ಲಿ. ಬರೋಬ್ಬರಿ 101 ವರ್ಷ.

ಇದನ್ನ ಕಳ್ಳತನದ ಕಥೆ ಅಂದುಕೊಳ್ಳಬೇಡಿ. ಇದರಲ್ಲಿ ವಿಲನ್ ಯಾರೂ ಇಲ್ಲ. ಒಬ್ಬರ ಸಂಗೀತ ಇನ್ನೊಬ್ಬರಿಗೆ ತೋರಿಸಿ, ಬೈಸಿಕೊಂಡು, ತಿದ್ದಿಸಿಕೊಂಡು ಬೆಳೆದ ಐದು ಜನ ಗೆಳೆಯರ ಕಥೆ ಇದು. ಊರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್.

ಐವರಲ್ಲಿ ನಾಲ್ವರಿಗೆ ಸಂಗೀತ ಹೊಟ್ಟೆಪಾಡಾಗಿರಲಿಲ್ಲ. ಸೀಸರ್ ಕ್ಯೂಯಿ ಮಿಲಿಟರಿ ಇಂಜಿನಿಯರ್, ಕೋಟೆ ಕಟ್ಟೋ ವಿದ್ಯೆಯಲ್ಲಿ ಪರಿಣತ, ಮುಂದೆ ಜನರಲ್ ಕೂಡ ಆದ. ಮುಸ್ಸೋರ್ಗ್ಸ್ಕಿ ಮೊದಲು ಸೈನ್ಯದ ಅಧಿಕಾರಿ. 1861ರಲ್ಲಿ ರಷ್ಯಾದ ಜೀತ ಪದ್ಧತಿ ರದ್ದಾದ ಮೇಲೆ ಅವನ ಜಮೀನ್ದಾರಿ ಮನೆತನದ ಆದಾಯ ಕುಸೀತು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆಗೆ ಸೇರಿದ. ಅಲೆಕ್ಸಾಂಡರ್ ಬೊರೊಡಿನ್ ರಸಾಯನಶಾಸ್ತ್ರದ ಪ್ರೊಫೆಸರ್. ಕೆಮಿಸ್ಟ್ರಿ ಓದಿದವರು ಆಲ್ಡಾಲ್ ರಿಯಾಕ್ಷನ್ ಅಂತ ಕೇಳಿರ್ತೀರಿ, ಅದನ್ನ ಕಂಡುಹಿಡಿದವರಲ್ಲಿ ಇವನೂ ಒಬ್ಬ. ನಿಕೊಲಾಯ್ ರಿಮ್ಸ್ಕಿ-ಕೊರ್ಸಕೋವ್ ನೌಕಾಪಡೆಯ ಹುಡುಗ. ಐದನೆಯವನು ಮಿಲಿ ಬಾಲಾಕಿರೆವ್. ಓದಿದ್ದು ಗಣಿತ, ಆದ್ರೆ ಆ ಕಾಲದಲ್ಲಿ ಐವರಲ್ಲಿ ಸಂಗೀತವನ್ನೇ ಕಸುಬು ಮಾಡಿಕೊಂಡವನು ಅವನೊಬ್ಬನೇ. ಇವರಿಗೆ ವಿಮರ್ಶಕ ಸ್ಟಾಸೊವ್ 1867ರಲ್ಲಿ ಒಂದು ಹೆಸರಿಟ್ಟ. ರಷ್ಯನ್‌ನಲ್ಲಿ ‘ಮೊಗುಚಾಯಾ ಕೂಚ್ಕಾ’, ನಮ್ಮ ಮಾತಲ್ಲಿ ‘ಬಲಿಷ್ಠ ಪುಟ್ಟ ಗುಂಪು’ ಅನ್ನಬಹುದು. ‘ಕೂಚ್ಕಾ’ ಅಂದ್ರೆ ಸಣ್ಣ ಗುಪ್ಪೆ. ಆಗದವರು ಅದೇ ಹೆಸರು ಹಿಡಿದು ಗೇಲಿ ಮಾಡಿದರು.

ಹವ್ಯಾಸಿಗಳು ಯಾಕೆ? ಕಲಿಯೋಕೆ ಕಾಲೇಜು ಇರಲಿಲ್ಲ, ಅದಕ್ಕೆ. ‘ಸಂಗೀತಗಾರ’ ಅನ್ನೋ ಕಸುಬಿಗೆ ಅಲ್ಲಿನ ಕಾನೂನಿನಲ್ಲಿ ಒಂದು ಸ್ಥಾನವೂ ಇರಲಿಲ್ಲ. ಆ ಕಾಲದ ದೊಡ್ಡ ಪಿಯಾನೊ ವಾದಕ ಆಂಟನ್ ರೂಬಿನ್‌ಸ್ಟೈನ್ ಚರ್ಚಿಗೆ ಹೋದಾಗ ಅಲ್ಲಿನವರು ಹೆಸರು, ವೃತ್ತಿ ಕೇಳಿದರಂತೆ. ‘ಕಲಾವಿದ’ ಅಂದ. ನಾಟಕ ಕಂಪನಿಯಲ್ಲಿದೀರಾ? ಇಲ್ಲ. ಶಾಲೆಯಲ್ಲಿ ಮೇಷ್ಟ್ರಾ? ಇಲ್ಲ. ಕೊನೆಗೆ ಇಂಥ ವರ್ತಕನ ಮಗ ಅಂತ ಬರೆದುಕೊಂಡರು. ಇದರಿಂದ ರೋಸಿಹೋದ ರೂಬಿನ್‌ಸ್ಟೈನ್ 1862ರಲ್ಲಿ ಸರ್ಕಾರದ ಮಾನ್ಯತೆ ಇರೋ ಕನ್ಸರ್ವೇಟರಿ, ಅಂದ್ರೆ ಸಂಗೀತ ಕಾಲೇಜು, ಶುರು ಮಾಡಿದ. ಹವ್ಯಾಸಿಗಳಿಂದ ಸಂಗೀತ ಉದ್ಧಾರ ಆಗಲ್ಲ ಅಂತ ಅದಕ್ಕೂ ಮೊದಲೇ ಪತ್ರಿಕೆಯಲ್ಲಿ ಬರೆದಿದ್ದ. ಬಾಲಾಕಿರೆವ್‌ಗೆ ಉರಿದುಹೋಯ್ತು. ಅದೇ ವರ್ಷ ಅವನೂ ಸೇರಿ ‘ಫ್ರೀ ಮ್ಯೂಸಿಕ್ ಸ್ಕೂಲ್’ ತೆರೆದರು. ಉಚಿತವಾಗಿ ಕಲಿಸೋದು, ಜೊತೆಗೆ ಆರ್ಕೆಸ್ಟ್ರಾ ಕಛೇರಿ ನಡೆಸೋದು.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ಕೀರ್ತನೆ ಕಟ್ಟಿದವರು ಅದನ್ನ ತಾವೇ ಹಾಡಿಕೊಂಡು ನೋಡಬಹುದು. ಸಿಂಫನಿ ಹಾಗಲ್ಲ. ಐವತ್ತು ಅರವತ್ತು ವಾದ್ಯಗಳಿಗೆ ಕಾಗದದ ಮೇಲೆ ಬರೀಬೇಕು, ಅದು ಹೇಗೆ ಕೇಳುತ್ತೆ ಅಂತ ಗೊತ್ತಾಗೋದು ಯಾರಾದ್ರೂ ಆರ್ಕೆಸ್ಟ್ರಾ ಕೂರಿಸಿ ನುಡಿಸಿದಾಗ ಮಾತ್ರ. ಈಗ ಲ್ಯಾಪ್‌ಟಾಪಲ್ಲಿ ಬರೆದು ಪ್ಲೇ ಒತ್ತಿದ್ರೆ ಕೇಳುತ್ತೆ. 1860ರ ದಶಕದಲ್ಲಿ ಹವ್ಯಾಸಿಗೆ ಇದ್ದಿದ್ದು ಒಂದು ಪಿಯಾನೊ, ಕೇಳೋಕೆ ಕೂತ ಗೆಳೆಯರು, ಅಷ್ಟೇ.

ಬಾಲಾಕಿರೆವ್ ಬೇಕಾಗಿದ್ದು ಅಲ್ಲೇ. ಅವನ ಜ್ಞಾಪಕಶಕ್ತಿ ಅಸಾಧ್ಯದ್ದು ಅಂತ ರಿಮ್ಸ್ಕಿ ತನ್ನ ಆತ್ಮಕಥೆಯಲ್ಲಿ ಬರೀತಾನೆ. ಯಾರೇ ಹೊಸದನ್ನ ತಂದರೂ ಒಂದು ಸಲ ಕೇಳ್ತಿದ್ದ, ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸ್ತಿದ್ದ, ತಕ್ಷಣ ಪಿಯಾನೊ ಮುಂದೆ ಕೂತು ‘ಹೀಗಿರಬೇಕಿತ್ತು’ ಅಂತ ನುಡಿಸ್ತಿದ್ದ. ಸೋಜಿಗ ಏನಂದ್ರೆ, ಅವನೂ ಯಾವ ಕಾಲೇಜಲ್ಲೂ ಸಂಗೀತಶಾಸ್ತ್ರ ಕಲಿತವನಲ್ಲ, ಎಲ್ಲಾ ಕಿವಿಯಿಂದ ಕಲಿತಿದ್ದು. ತಾನು ನುಡಿಸಿ ತೋರಿಸಿದ ಹಾಗೇ ಬರೀಬೇಕು ಅಂತ ಹಟ ಬೇರೆ. ಹೀಗಾಗಿ ಬೇರೆಯವರ ಹೆಸರಿನ ಎಷ್ಟೋ ಸಾಲು ನಿಜಕ್ಕೂ ಅವನದ್ದೇ ಅಂತಾನೆ ರಿಮ್ಸ್ಕಿ.

ಓದಿದ್ದು ಬಿಕಾಂ ಆದ್ದರಿಂದ ನನ್ನ ತಲೆ ಹೀಗೆ ಓಡುತ್ತೆ: ಪುಸ್ತಕ ತಪಾಸಣೆ ಮಾಡೋ ಆಡಿಟರೂ ಅವನೇ, ಸಾಲ ಮಂಜೂರು ಮಾಡೋ ಬ್ಯಾಂಕ್ ಮ್ಯಾನೇಜರೂ ಅವನೇ. ಯಾಕಂದ್ರೆ ಫ್ರೀ ಮ್ಯೂಸಿಕ್ ಸ್ಕೂಲಿನ ಆರ್ಕೆಸ್ಟ್ರಾ ಇದ್ದಿದ್ದು ಅವನ ಕೈಲಿ. ಅವನು ಒಪ್ಪಿದರೆ ನಿಮ್ಮ ಸಂಗೀತ ಜನರ ಕಿವಿಗೆ ಬೀಳುತ್ತೆ. ಒಪ್ಪದಿದ್ದರೆ ಪೆಟ್ಟಿಗೆಯಲ್ಲೇ.

ಒಪ್ಪಿದಾಗ ಏನಾಗ್ತಿತ್ತು ನೋಡಿ. 1861ರಲ್ಲಿ ರಿಮ್ಸ್ಕಿಗೆ 17 ವರ್ಷ. ಹಾರ್ಮನಿಯ ಪಾಠ ಸರಿಯಾಗಿ ಆಗಿಲ್ಲ. ಬಾಲಾಕಿರೆವ್ ಅಂದಿದ್ದು: ಸಿಂಫನಿ ಬರಿ. ಅ ಆ ಇ ಈ ಕಲೀತಿರೋ ಹುಡುಗನಿಗೆ ಮಹಾಕಾವ್ಯ ಬರಿ ಅಂದ ಹಾಗೆ. ಹುಡುಗ ಶುರು ಮಾಡಿಯೇಬಿಟ್ಟ. ಅಷ್ಟರಲ್ಲಿ ನೌಕಾಪಡೆ ಅವನನ್ನ ‘ಅಲ್ಮಾಜ್’ ಅನ್ನೋ ಹಡಗು ಹತ್ತಿಸ್ತು. ಹಡಗು ಇಂಗ್ಲೆಂಡಿನಲ್ಲಿ ನಿಂತಿದ್ದಾಗ ಸಿಂಫನಿಯ ನಿಧಾನಗತಿಯ ಭಾಗ ಬರೆದು ಬಾಲಾಕಿರೆವ್‌ಗೆ ಅಂಚೆಯಲ್ಲಿ ಕಳಿಸಿದ. ಆಮೇಲೆ ನ್ಯೂಯಾರ್ಕ್, ರಿಯೊ ಡಿ ಜನೈರೊ. 1865ರಲ್ಲಿ ವಾಪಸ್ ಬಂದು ಉಳಿದದ್ದು ಮುಗಿಸಿದ, ಡಿಸೆಂಬರ್‌ನಲ್ಲಿ ಬಾಲಾಕಿರೆವ್ ಅದನ್ನ ನುಡಿಸಿದ. ಚಪ್ಪಾಳೆ ಬಿತ್ತು, ಸಂಯೋಜಕರು ಬರಲಿ ಅಂತ ಜನ ಕೂಗಿದರು. ವೇದಿಕೆಗೆ ಬಂದಿದ್ದು ನೌಕಾಪಡೆ ಯೂನಿಫಾರ್ಮ್ ಹಾಕಿದ 21 ವರ್ಷದ ಹುಡುಗ. ಯಾವ ಕಾಲೇಜಿನ ಸಿಲಬಸ್ ಹುಡುಗನೊಬ್ಬನಿಗೆ ಮೊದಲ ದಿನವೇ ಇಂಥ ಧೈರ್ಯ ಕೊಡುತ್ತೆ, ಹೇಳಿ.

ಬೊರೊಡಿನ್‌ಗೂ ಹೀಗೇ. ಗುಂಪಿಗೆ ಸೇರಿದ 1862ರಲ್ಲೇ ಸಿಂಫನಿ ಶುರು, ಮುಗಿಸೋಕೆ 5 ವರ್ಷ. ಪ್ರಯೋಗಾಲಯ, ಪಾಠ, ಮನೆ ತುಂಬ ನೆಂಟರು, ಮೇಜಿನ ಮೇಲೆ ಓಡಾಡೋ ಬೆಕ್ಕುಗಳು. ಹುಷಾರಿಲ್ಲದೆ ಮಲಗಿದಾಗ ಮಾತ್ರ ಸಂಗೀತ ಬರೆಯೋಕೆ ಬಿಡುವು ಅಂತ ಅವನೇ ತಮಾಷೆ ಮಾಡ್ತಿದ್ದ. 1879ರಲ್ಲಿ ಅವನ ‘ಪ್ರಿನ್ಸ್ ಇಗೊರ್’ ಒಪೆರಾದ ಕುಣಿತದ ಭಾಗ ಕಛೇರಿಗೆ ಬೇಕು, ಬರೆದು ಮುಗಿದಿಲ್ಲ. ರಿಮ್ಸ್ಕಿ ಮತ್ತು ಲ್ಯಾಡೊವ್ ಅನ್ನೋ ಇನ್ನೊಬ್ಬ ಗೆಳೆಯ ಅವನ ಮನೆಗೇ ಹೋಗಿ ಕೂತು ಬರೆದುಕೊಟ್ಟರು. ಪೆನ್ಸಿಲ್ ಅಳಿಸಬಾರದು ಅಂತ ಬೊರೊಡಿನ್ ಹಾಳೆಗಳಿಗೆ ಜೆಲಾಟಿನ್ ಬಳಿದ, ಒಣಗಲಿ ಅಂತ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಹಾಕೋ ಹಾಗೆ ನೇತುಹಾಕಿದ. ಕೆಮಿಸ್ಟ್ ಬುದ್ಧಿ!

ಪಿಜಿಯಲ್ಲಿ ರೂಮ್ ಹಂಚಿಕೊಂಡವರಿಗೆ ಈ ಭಾಗ ಇಷ್ಟ ಆಗಬಹುದು. 1871ರಿಂದ 72ರವರೆಗೆ ಮುಸ್ಸೋರ್ಗ್ಸ್ಕಿ, ರಿಮ್ಸ್ಕಿ ಇಬ್ಬರೂ ಒಂದೇ ಕೋಣೆಯಲ್ಲಿದ್ದರು. ಒಂದು ಪಿಯಾನೊ, ಒಂದು ಮೇಜು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಪಿಯಾನೊ ಮುಸ್ಸೋರ್ಗ್ಸ್ಕಿಗೆ. ಅವನು ಕಚೇರಿಗೆ ಹೋದ ಮೇಲೆ ರಿಮ್ಸ್ಕಿಗೆ. ಒಬ್ಬ ‘ಬೊರಿಸ್ ಗೊಡುನೊವ್’ ಒಪೆರಾ ತಿದ್ದುತ್ತಿದ್ದ, ಇನ್ನೊಬ್ಬ ತನ್ನ ಮೊದಲ ಒಪೆರಾ ಮುಗಿಸುತ್ತಿದ್ದ. ಬರೆದದ್ದನ್ನ ಪರಸ್ಪರ ಕೇಳಿಸಿಕೊಳ್ಳೋರು, ಮಾತಾಡೋರು. ಇಬ್ಬರಿಗೂ ಅದು ಒಳ್ಳೇ ಕಾಲ ಅಂತ ನನಗನಿಸುತ್ತೆ, ಯಾಕಂದ್ರೆ ಆ ಕೋಣೆಯಲ್ಲಿ ಯಾರೂ ಮೇಷ್ಟ್ರಲ್ಲ.

1872ರಲ್ಲಿ ರಿಮ್ಸ್ಕಿ ಮದುವೆಯಾದ. ಹುಡುಗಿ ನದೇಜ್ದಾ ಪುರ್ಗೋಲ್ಡ್. ಈ ಗೆಳೆಯರು ಸೇರಿದಾಗ ಎಷ್ಟೇ ಕಷ್ಟದ ಹೊಸ ಒಪೆರಾ ಆದ್ರೂ ಪಿಯಾನೊದಲ್ಲಿ ನುಡಿಸಿ ಕೇಳಿಸ್ತಿದ್ದವಳು ಆಕೆ, ಮುಸ್ಸೋರ್ಗ್ಸ್ಕಿ ಆಕೆಯನ್ನ ನಮ್ಮ ಆರ್ಕೆಸ್ಟ್ರಾ ಅಂತಲೇ ಕರೀತಿದ್ದ. ಆಕೆಯೂ ಸಂಗೀತ ಬರೀತಿದ್ದಳು. ಮದುವೆ ಆದ ಮೇಲೆ ಅದು ನಿಂತುಹೋಯ್ತು. ಐವರ ಪಟ್ಟಿಯಲ್ಲಿ ಆಕೆಯ ಹೆಸರು ಬರಲ್ಲ.

ಈಗ ಬೋಳು ಬೆಟ್ಟಕ್ಕೆ ಬರೋಣ. 1867ರ ಜೂನ್. ಮುಸ್ಸೋರ್ಗ್ಸ್ಕಿ ಮಾಟಗಾತಿಯರ ರಾತ್ರಿಯ ಈ ಸಂಗೀತವನ್ನ ಕೆಲವೇ ದಿನಗಳಲ್ಲಿ ಬರೆದು ಮುಗಿಸಿದ. ಅವನಿಗೆ ಅದರ ಮೇಲೆ ತುಂಬ ಅಭಿಮಾನ. ಬಾಲಾಕಿರೆವ್‌ಗೆ ತೋರಿಸಿದ. ಬಾಲಾಕಿರೆವ್ ಇದು ಹೀಗಿದ್ದರೆ ಆಗಲ್ಲ ಅಂದ. ಅವನಿಗೆ ಮುಸ್ಸೋರ್ಗ್ಸ್ಕಿಯ ಬುದ್ಧಿಯ ಬಗ್ಗೆ ಮೊದಲಿಂದಲೂ ಒಳ್ಳೇ ಅಭಿಪ್ರಾಯ ಇರಲಿಲ್ಲ, 1863ರಲ್ಲಿ ಸ್ಟಾಸೊವ್‌ಗೆ ಬರೆದ ಪತ್ರದಲ್ಲಿ ಹೆಚ್ಚೂಕಡಿಮೆ ಪೆದ್ದ ಅಂತಲೇ ಬರೆದಿದ್ದ. ಬೇರೆಯವರಾಗಿದ್ದರೆ ತಿದ್ದಿ ತರ್ತಿದ್ದರೇನೋ. ಮುಸ್ಸೋರ್ಗ್ಸ್ಕಿ ಮಾತ್ರ, ನೀವು ನುಡಿಸಿ ಬಿಡಿ, ಇದರ ಸ್ವರೂಪ ನಾನು ಬದಲಾಯಿಸಲ್ಲ ಅಂತ ಉತ್ತರ ಕೊಟ್ಟ. ಬಾಲಾಕಿರೆವ್ ನುಡಿಸಲಿಲ್ಲ. ಮುಸ್ಸೋರ್ಗ್ಸ್ಕಿ ಬದುಕಿರೋವರೆಗೆ ಆ ಸಂಗೀತ ಒಂದು ಸಲವೂ ಆರ್ಕೆಸ್ಟ್ರಾದಲ್ಲಿ ಕೇಳಲಿಲ್ಲ, ಅವನಿಗೂ ಕೂಡ.

ಗುಂಪು ಒಡೆಯೋಕೆ ಹೆಚ್ಚು ದಿನ ಬೇಕಾಗಲಿಲ್ಲ. ಸಾಲ, ಜಗಳ, ಸೋಲು ಎಲ್ಲ ಸೇರಿ ಬಾಲಾಕಿರೆವ್ ಕುಗ್ಗಿಹೋದ, 1872ರಲ್ಲಿ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ವರ್ಷಗಟ್ಟಲೆ ಸಂಗೀತದಿಂದ ದೂರ ಇದ್ದ. 1874ರಲ್ಲಿ ‘ಬೊರಿಸ್ ಗೊಡುನೊವ್’ ರಂಗಕ್ಕೆ ಬಂದಾಗ ಜನ ಮೆಚ್ಚಿದರು, ಪತ್ರಿಕೆಯಲ್ಲಿ ಕಟುವಾಗಿ ಬರೆದವನು ಗುಂಪಿನವನೇ ಆದ ಕ್ಯೂಯಿ. ಅವಸರದ ಬರವಣಿಗೆ, ಆತ್ಮತೃಪ್ತಿ ಜಾಸ್ತಿ ಅನ್ನೋ ಧಾಟಿ. ಕೋಣೆಯೊಳಗೆ ಅದನ್ನೇ ಹೇಳಿದ್ದರೆ ಮುಸ್ಸೋರ್ಗ್ಸ್ಕಿ ನಕ್ಕು ಸುಮ್ಮನಾಗ್ತಿದ್ದನೋ ಏನೋ. ಊರಿಗೆಲ್ಲ ಕೇಳೋ ಹಾಗೆ ಹೇಳಿದ್ದು ಅವನಿಗೆ ಬಹಳ ನೋವು ಮಾಡ್ತು.

ರಿಮ್ಸ್ಕಿಯದ್ದು ಬೇರೆಯೇ ದಾರಿ. 1871ರಲ್ಲಿ, ತಾವೆಲ್ಲ ಬೈಯ್ಯುತ್ತಿದ್ದ ಆ ಕನ್ಸರ್ವೇಟರಿಯೇ 27ರ ರಿಮ್ಸ್ಕಿಯನ್ನ ಪ್ರೊಫೆಸರ್ ಆಗಿ ಕರೀತು. ಅವನು ಒಪ್ಪಿಕೊಂಡ. ಆಗ ತನಗೆ ಕಾರ್ಡ್‌ಗಳ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ ಅಂತ ಆಮೇಲೆ ಬರೆದಿದ್ದಾನೆ. ವಿದ್ಯಾರ್ಥಿಗಳಿಗಿಂತ ಒಂದು ಪಾಠ ಮುಂದೆ ಓದಿಕೊಂಡು ಹೋಗೋ ಮೇಷ್ಟ್ರ ಹಾಗೆ ಶುರು ಮಾಡಿದ. ಆದ್ರೆ ಅಲ್ಲಿಗೇ ನಿಲ್ಲಲಿಲ್ಲ. ವರ್ಷಗಟ್ಟಲೆ ಹಾರ್ಮನಿ, ಕೌಂಟರ್‌ಪಾಯಿಂಟ್ ಅಭ್ಯಾಸ ಮಾಡಿದ, ಹತ್ತಾರು ಫ್ಯೂಗ್ ಬರೆದ, ತಪ್ಪು ಹೇಳಿ ಅಂತ ಮಾಸ್ಕೋದ ಚೈಕೋವ್‌ಸ್ಕಿಗೆ ಕೆಲವನ್ನ ಕಳಿಸಿಕೊಟ್ಟ. ಹಳೇ ಗೆಳೆಯರಿಗೆ ಇದು ಶತ್ರು ಪಾಳಯಕ್ಕೆ ಹೋದ ಹಾಗೆ ಕಂಡಿತು.

1881ರ ಮಾರ್ಚ್‌ನಲ್ಲಿ ಮುಸ್ಸೋರ್ಗ್ಸ್ಕಿ ಮಿಲಿಟರಿ ಆಸ್ಪತ್ರೆಯಲ್ಲಿ ತೀರಿಕೊಂಡ. ಕುಡಿತ ಅವನನ್ನ ಪೂರ್ತಿ ತಿಂದಿತ್ತು, ವಯಸ್ಸು 42. ಕಟ್ಟುಗಟ್ಟಲೆ ಅರ್ಧಂಬರ್ಧ ಹಾಳೆಗಳು ಉಳಿದವು. ಅವನ್ನ ಸರಿಮಾಡೋ ಹೊಣೆ ಹೊತ್ತಿದ್ದು ಹಳೇ ರೂಮ್‌ಮೇಟ್ ರಿಮ್ಸ್ಕಿ. 1887ರಲ್ಲಿ ಬೊರೊಡಿನ್ ಒಂದು ವೇಷಭೂಷಣದ ಪಾರ್ಟಿಯಲ್ಲಿ ಕುಸಿದು ಸತ್ತಾಗಲೂ ಅದೇ ಕಥೆ. 18 ವರ್ಷದಿಂದ ಎಳೆದಾಡಿದ ‘ಪ್ರಿನ್ಸ್ ಇಗೊರ್’ ಮುಗಿಸಿಕೊಟ್ಟವರು ರಿಮ್ಸ್ಕಿ ಮತ್ತು ಅವನ ಶಿಷ್ಯ ಗ್ಲಾಜುನೊವ್. 1890ರಲ್ಲಿ ಅದು ರಂಗಕ್ಕೆ ಬಂತು.

ಬೊರೊಡಿನ್ ವಿಷಯದಲ್ಲಿ ಯಾರೂ ಅಷ್ಟಾಗಿ ತಕರಾರು ಮಾಡಲ್ಲ, ಬದುಕಿದ್ದಾಗಲೇ ಅವನು ಆ ಸಹಾಯ ತಗೋತಿದ್ದ. ಮುಸ್ಸೋರ್ಗ್ಸ್ಕಿ ಹಾಗಲ್ಲ. ಬದಲಾಯಿಸಲ್ಲ ಅಂತ ಬರೆದುಕೊಟ್ಟವನು. ಆ ಬೆಟ್ಟದ ಸಂಗೀತವನ್ನ ಮುಂದೆ ತಾನೇ ಒಂದು ಒಪೆರಾಕ್ಕೆ ಅಂತ ಬೇರೆ ರೂಪದಲ್ಲಿ ಬರೆದಿದ್ದ. ರಿಮ್ಸ್ಕಿ ಹೆಚ್ಚಾಗಿ ಅದನ್ನ ಹಿಡಿದು 1886ರಲ್ಲಿ ಹೊಸದಾಗಿ ಜೋಡಿಸಿದ, ತಾನೇ ನುಡಿಸಿದ, ಭಾರಿ ಯಶಸ್ಸು. ಆಮೇಲೆ ‘ಬೊರಿಸ್ ಗೊಡುನೊವ್’. ಕಲಿತ ಕಿವಿಗೆ ಅದರ ತುಂಬ ತಪ್ಪುಗಳೇ ಕೇಳ್ತಿದ್ದವು. ಸ್ವರಮೇಳ ಬದಲಾಯಿಸಿದ, ವಾದ್ಯಗಳನ್ನ ಬದಲಾಯಿಸಿದ, ದೃಶ್ಯಗಳ ಕ್ರಮ ಕೂಡ. 1908ರಲ್ಲಿ ಪ್ಯಾರಿಸ್‌ನಲ್ಲಿ ಗಾಯಕ ಶಲ್ಯಾಪಿನ್ ಈ ತಿದ್ದಿದ ಬೊರಿಸ್ ಹಾಡಿದ ಮೇಲೆಯೇ ಹೊರಗಿನ ಜಗತ್ತಿಗೆ ಮುಸ್ಸೋರ್ಗ್ಸ್ಕಿ ಯಾರು ಅಂತ ಗೊತ್ತಾಗಿದ್ದು.

ರಿಮ್ಸ್ಕಿಯನ್ನ ಬೈಯೋದು ಈಗ ಫ್ಯಾಷನ್. ನಾನು ಬೈಯಲ್ಲ. ಮಾರುಕಟ್ಟೆಯೇ ಇಲ್ಲದ ಸತ್ತ ಗೆಳೆಯನ ಹಾಳೆಗಳ ಮೇಲೆ ತನ್ನ ವರ್ಷಗಳನ್ನ ಕಳೆದವನು ಅವನು, ಅಷ್ಟು ಹೊತ್ತಲ್ಲಿ ತನ್ನದೇ ಇನ್ನೊಂದು ಒಪೆರಾ ಬರೀಬಹುದಿತ್ತು. ಆದರೂ ಎರಡೂ ರೂಪ ಕೇಳಿದ ಮೇಲೆ ನನ್ನ ವೋಟು ಮುಸ್ಸೋರ್ಗ್ಸ್ಕಿಗೇ. 1867ರದ್ದು ಒರಟಾಗಿದೆ, ಕೆಲವು ಕಡೆ ಎಡವುತ್ತೆ, ಕೊನೆಯಲ್ಲಿ ಬೆಳಕು ಹರಿಯೋ ಶಾಂತ ಗಂಟೆ ಇಲ್ಲ, ಮಾಟಗಾತಿಯರ ಅಬ್ಬರದಲ್ಲೇ ಮುಗಿಯುತ್ತೆ. ಬಾಲಾಕಿರೆವ್‌ಗೆ ಯಾಕೆ ಸೇರಲಿಲ್ಲ ಅಂತ ಅರ್ಥ ಆಗುತ್ತೆ. ನನಗೆ ಮೈ ಜುಮ್ ಅಂದಿದ್ದು ಅದೇ ಜಾಗಗಳಲ್ಲಿ.

ಇದನ್ನ ನಾವು ಕೇಳೋಕೆ ಆಗ್ತಿರೋದಕ್ಕೂ ರಿಮ್ಸ್ಕಿಯೇ ಒಂದು ಕಾರಣ. ತಿದ್ದಿದ ಮೇಲೆ ಅವನು ಮುಸ್ಸೋರ್ಗ್ಸ್ಕಿಯ ಹಸ್ತಪ್ರತಿಗಳನ್ನ ಬಿಸಾಡಲಿಲ್ಲ. ಪೀಟರ್ಸ್‌ಬರ್ಗ್‌ನ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟ. ಮುಂದೆ ಯಾರಿಗಾದ್ರೂ ಇದ್ದ ಹಾಗೇ ಬೇಕು ಅನಿಸಿದ್ರೆ ಅಲ್ಲಿಂದ ತೆಗೆದು ಅಚ್ಚು ಹಾಕಬಹುದು ಅಂತ ಆತ್ಮಕಥೆಯಲ್ಲಿ ಬರೆದಿಟ್ಟ. ‘ಬೊರಿಸ್’ 1928ರಲ್ಲಿ ಹಾಗೇ ಹೊರಗೆ ಬಂತು, ಬೋಳು ಬೆಟ್ಟ 40 ವರ್ಷ ತಡವಾಗಿ.

ಈಗ ಕೆಲಸ. ಮೊದಲು ರಿಮ್ಸ್ಕಿ-ಕೊರ್ಸಕೋವ್ ಹೆಸರು ಸೇರಿಸಿ ಹುಡುಕಿ ಕೇಳಿ. ಆಮೇಲೆ ‘1867 ಒರಿಜಿನಲ್ ವರ್ಷನ್’ ಅಂತ ಹುಡುಕಿ. ಎರಡೂ ಸೇರಿದ್ರೂ ಅರ್ಧ ಗಂಟೆ ಆಗಲ್ಲ. ಮುಂದಿನ ವಾರ ಸಿಗ್ತೀನಿ.