ಮೃಗಶಿರದ ಮಳೆಯೂ ಮೃಗಗಳ ಬೆದೆಯೂ

ಕನ್ನಡದಲ್ಲಿ ‘ಬೆದೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮಳೆ ಬಿದ್ದು ನೆಲವು ಬೀಜವನ್ನು ಸ್ವೀಕರಿಸತಕ್ಕ ಹದಕ್ಕೆ ಬಂದಿರುವುದು ಒಂದು. ಪ್ರಾಣಿಗಳು ಸಂಗಮೇಚ್ಛೆಯಿಂದ ಕೂಡಿರುವುದು ಇನ್ನೊಂದು. ಒಕ್ಕಲಿಗನು ‘ಹದಬೆದೆ’ ಎಂದಾಗ ಮೊದಲನೆಯದೂ, ಹಸು ‘ಬೆದೆಗೆ ಬಂದಿದೆ’ ಎಂದಾಗ ಎರಡನೆಯದೂ ತೋರುವುವು. ಎರಡಕ್ಕೂ ಸಮಾನವಾದ ಧರ್ಮವೊಂದಿದೆ: ಬೆದೆಯನ್ನು ಪಂಚಾಂಗದಲ್ಲಿ ನೋಡಿ ನಿಶ್ಚಯಿಸಲಾಗುವುದಿಲ್ಲ, ಮಣ್ಣನ್ನು ಮುಟ್ಟಿ ಅಥವಾ ಪ್ರಾಣಿಯನ್ನು ಕಂಡು ತಿಳಿಯಬೇಕು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಜಿಂಕೆ ಕಡವೆಗಳ ಬೆದೆಯ ಕಾಲವನ್ನು ವಿಚಾರಿಸುವವರಿಗೆ ಈ ಭೇದವು ಪದೇ ಪದೇ ಎದುರಾಗುವುದು.

ಈ ಪ್ರಶ್ನೆಯು ಸಾಹಿತ್ಯಾಧ್ಯಾಪಕರಿಗೆ ಹೊರಗಿನದಲ್ಲ. ಪಾಂಡುವು ಬೇಟೆಯಲ್ಲಿ ಮೃಗರೂಪದಿಂದ ಪತ್ನಿಯೊಡನೆ ಕೂಡಿದ್ದ ಕಿಂದಮ ಮುನಿಯನ್ನು ಎಚ್ಚು ಶಾಪಗ್ರಸ್ತನಾದ ಕಥೆಯನ್ನು ವ್ಯಾಸಭಾರತದಲ್ಲಿಯೂ ಪಂಪನಲ್ಲಿಯೂ ಓದಿಸುವಾಗ, ಅದು ಯಾವ ಋತುವೆಂದು ವಿದ್ಯಾರ್ಥಿಗಳು ಕೇಳುವುದುಂಟು. ‘ಮೃಗಶಿರ’, ‘ಮಾರ್ಗಶಿರ’ ಎಂಬ ಹೆಸರುಗಳೇ ಕಾಲವನ್ನು ಸೂಚಿಸುತ್ತವೆಯೆಂದು ಉತ್ತರ ಹೇಳುವುದು ಸುಲಭ. ಆ ಉತ್ತರಕ್ಕೆ ಮೇಲುನೋಟಕ್ಕೆ ಬಲವೂ ಇದೆ. ಸೂರ್ಯನು ಮೃಗಶಿರಾ ನಕ್ಷತ್ರದಲ್ಲಿರುವ ಜೂನ್ ತಿಂಗಳ ಎರಡನೆಯ ಮತ್ತು ಮೂರನೆಯ ವಾರಗಳು ನಾಗರಹೊಳೆಯ ಕಾಡಿನಲ್ಲಿ ಚುಕ್ಕೆಜಿಂಕೆಯ ಗಂಡುಗಳು ಕೂಗಿ ಕಾದಾಡುವ ಕಾಲದೊಳಗೆ ಬೀಳುವುವು. ಮಾರ್ಗಶಿರ ಮಾಸವಾದರೋ ಕಡವೆಯ ಬೆದೆಯ ಕಾಲಕ್ಕೆ ಹತ್ತಿರದ್ದು. ಎರಡು ಹೆಸರು, ಎರಡು ಮೃಗ, ಎರಡು ಕಾಲ. ಇದಕ್ಕಿಂತ ಚೆನ್ನಾದ ಹೊಂದಿಕೆ ಬೇಕೆ?

ಆದರೆ ಈ ಹೊಂದಿಕೆಯು ಪರೀಕ್ಷೆಗೆ ನಿಲ್ಲುವುದಿಲ್ಲ. ಐತರೇಯ ಬ್ರಾಹ್ಮಣದ ಕಥೆಯಂತೆ ಪ್ರಜಾಪತಿಯು ಋಶ್ಯವೆಂಬ ಗಂಡುಮೃಗದ ರೂಪದಿಂದ, ಹೆಣ್ಣುಮೃಗವಾಗಿದ್ದ ತನ್ನ ಮಗಳನ್ನು ಬೆನ್ನಟ್ಟಿದನು. ದೇವತೆಗಳ ಘೋರಾಂಶಗಳಿಂದ ಹುಟ್ಟಿದ ರುದ್ರನು ಅವನನ್ನು ಬಾಣದಿಂದ ಭೇದಿಸಿದನು. ಹೊಡೆತ ತಿಂದವನು ಆಕಾಶದಲ್ಲಿ ಮೃಗನಾದನು, ಹೊಡೆದವನು ಮೃಗವ್ಯಾಧನಾದನು, ಅವಳು ರೋಹಿಣಿಯಾದಳು, ಮೂರು ಕಣೆಯ ಬಾಣವು ನಡುವಿನ ಮೂರು ನಕ್ಷತ್ರಗಳಾಯಿತು. ಇದು ಬೆದೆಯ ಮೃಗವನ್ನು ಬೇಟೆಯಾಡಿದ ಕಥೆಯೇ ಸರಿ. ಪಾಂಡುವಿನ ಕಥೆಗೆ ಇದು ಆಕಾಶದಲ್ಲಿ ಬರೆದ ಪೂರ್ವರೂಪವೆಂದರೂ ತಪ್ಪಾಗದು. ಆದರೂ ಇಲ್ಲಿ ನಕ್ಷತ್ರಗಳ ಆಕಾರದಿಂದ ಕಥೆ ಹುಟ್ಟಿತೇ ಹೊರತು ಕಾಲದಿಂದಲ್ಲ. ಬಾಲಗಂಗಾಧರ ತಿಲಕರು 1893ರ ತಮ್ಮ ‘ಓರಾಯನ್’ ಗ್ರಂಥದಲ್ಲಿ ವಾದಿಸಿದಂತೆ, ವೇದಕಾಲದಲ್ಲಿ ವಸಂತ ವಿಷುವವು ಮೃಗಶಿರದಲ್ಲಿದ್ದಿತೆಂದು ಒಪ್ಪಿದರೆ, ಆಗ ಸೂರ್ಯನು ಅಲ್ಲಿಗೆ ಬರುತ್ತಿದ್ದುದು ಮಳೆಗಾಲದ ಬಾಗಿಲಲ್ಲಲ್ಲ, ವಸಂತದಲ್ಲಿ. ತಿಲಕರ ಕಾಲಗಣನೆಯನ್ನು ಒಪ್ಪದವರಿಗೂ ಅಯನಚಲನವನ್ನು ಅಲ್ಲಗಳೆಯಲಾಗದು. ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ನಕ್ಷತ್ರವು ಋತುವಿನಿಂದ ಜಾರುವುದು. ಪಂಪನು ಕಾವ್ಯ ಬರೆದ 941ರಿಂದ ಇಂದಿನವರೆಗೆ ಹದಿನೈದು ದಿನಗಳಷ್ಟು ವ್ಯತ್ಯಾಸವಾಗಿದೆ. ಜಿಂಕೆಯು ಅಯನಾಂಶವನ್ನು ಕಳೆದು ಕೂಡಿ ಬೆದೆಗೆ ಬರುವುದಿಲ್ಲ. ಮಾರ್ಗಶಿರ ಮಾಸಕ್ಕೆ ಆ ಹೆಸರು ಬಂದುದಾದರೂ ಹುಣ್ಣಿಮೆಯ ಚಂದ್ರನು ಆ ನಕ್ಷತ್ರದ ಬಳಿ ಇರುವ ಕಾರಣದಿಂದಲೇ.

‘ಮೃಗ’ ಶಬ್ದದ ವ್ಯಾಪ್ತಿಯೂ ತೊಡಕಿನದು. ವರ್ಷಕ್ಕೊಮ್ಮೆ ಕೊಂಬುದುರಿಸುವ ಜಿಂಕೆ, ಕಡವೆ, ಕಾಡುಕುರಿಗಳನ್ನೂ, ಎಂದಿಗೂ ಉದುರಿಸದ ಹುಲ್ಲೆ, ಕೊಂಡುಕುರಿಗಳನ್ನೂ ಸಂಸ್ಕೃತ ಕೋಶಗಳು ಒಂದೇ ವರ್ಗದಲ್ಲಿ ಇಟ್ಟಿರುವುವು. ಬೆದೆಯ ವಿಷಯದಲ್ಲಿ ಇವು ಒಂದೊಂದೂ ಒಂದೊಂದು ದಾರಿ. ಕಡವೆಯು ಬಹುಮಟ್ಟಿಗೆ ಬೇಸಗೆಯಲ್ಲಿ ಕೊಂಬನ್ನು ಉದುರಿಸಿ ನವೆಂಬರು–ಡಿಸೆಂಬರುಗಳಲ್ಲಿ ಬೆದೆಗೆ ಬರುವುದು. ಎಂಟು ತಿಂಗಳು ತುಂಬಿದ ಮೇಲೆ ಮರಿ ಹುಟ್ಟುವ ಹೊತ್ತಿಗೆ ಕಾಡಿನಲ್ಲಿ ಹೊಸಹುಲ್ಲು ಇರುವುದು. ಕೊಂಡುಕುರಿಗೆ ಮಳೆಗಾಲ. ಕಾಡುಕುರಿಗೆ ಗೊತ್ತಾದ ಕಾಲವೇ ಇಲ್ಲವೆನ್ನಬಹುದು. ಚುಕ್ಕೆಜಿಂಕೆಯದು ಎಲ್ಲಕ್ಕಿಂತ ವಿಚಿತ್ರ: ಮೊದಲ ಮಳೆಗಳಿಂದ ಮುಂಗಾರಿನ ನಡುವಿನವರೆಗೆ ಬೆದೆಯು ಹೆಚ್ಚಾಗಿ ಕಂಡರೂ, ವರ್ಷದ ಯಾವ ತಿಂಗಳಿನಲ್ಲಿಯಾದರೂ ಕೊಂಬು ಬಲಿತ ಗಂಡೂ ಎಳೆಮರಿಯೂ ದೊರೆಯದೆ ಇರವು. ಶೀತದೇಶಗಳ ಕೆಂಜಿಂಕೆಯು ಹಗಲಿನ ಪ್ರಮಾಣವನ್ನು ಅನುಸರಿಸಿ ಶರತ್ಕಾಲದಲ್ಲಿಯೇ ಬೆದೆಗೆ ಬರುವುದು. ಅದನ್ನು ಕಂಡು ಬಂದ ಆಂಗ್ಲ ಬೇಟೆಗಾರರು ಇಲ್ಲಿಯೂ ಒಂದೇ ಕಾಲವನ್ನು ಹುಡುಕಿ, ಒಬ್ಬೊಬ್ಬರೂ ಒಂದೊಂದು ತಿಂಗಳನ್ನು ಹೇಳಿ ಹೋದರು. ಅವರಲ್ಲಿ ಸುಳ್ಳು ಹೇಳಿದವರು ಬಹುಶಃ ಯಾರೂ ಇಲ್ಲ.

ಸೀಮೆಯೊಳಗಣ ಭೇದವನ್ನೂ ಗಮನಿಸಬೇಕು. ಹೆಗ್ಗಡದೇವನಕೋಟೆಯ ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ 50 ಅಂಗುಲವನ್ನೂ ಮೀರುವ ಮಳೆಯು ಪೂರ್ವಕ್ಕೆ ಬರುತ್ತ ಇಳಿದು, ಹಿಂದೆ ಎಡತೊರೆ ಎನಿಸಿದ್ದ ಕೃಷ್ಣರಾಜನಗರದ ಬಯಲಿನಲ್ಲಿ 30 ಅಂಗುಲದ ಆಸುಪಾಸಿಗೆ ನಿಲ್ಲುವುದು. ಅಲ್ಲಿ ತೇಗ, ಮತ್ತಿ, ಬಿದಿರುಗಳ ಕಾಡು. ಇಲ್ಲಿ ಕಾವೇರಿಯ ನಾಲೆ, ಬತ್ತದ ಗದ್ದೆ. ಮೈಸೂರು ಸೀಮೆಯ ಬಯಲುಗಳಲ್ಲಿ ಹಿಂಡುಹಿಂಡಾಗಿದ್ದ ಹುಲ್ಲೆಗೆ ವರ್ಷದಲ್ಲಿ ಎರಡು ಸಲ ಬೆದೆ ಏರುವುದುಂಟು. ಕಾಡಿನ ಕಡವೆಗೆ ಒಂದೇ ಸಲ. ಒಂದು ದಿನದ ದಾರಿಯೊಳಗೆ ಇಷ್ಟು ಅಂತರವಿರುವಲ್ಲಿ ‘ಮೃಗಗಳ ಬೆದೆಯ ತಿಂಗಳು’ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ.

ಬೇಟೆಗಾರನಿಗೆ ಈ ಕಾಲವು ಲಾಭದ ಕಾಲ. ಬೆದೆಯ ಗಂಡು ಕೂಗಿ ತನ್ನ ಸ್ಥಳವನ್ನು ತಾನೇ ತಿಳಿಸುವುದು, ಗಾಳಿಯ ವಾಸನೆಯನ್ನು ಮರೆಯುವುದು. ಚಾಳುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮೃಗಯಾವಿನೋದದಲ್ಲಿ ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡುಜಿಂಕೆಗಳನ್ನು ಸೆಳೆಯುವ ಉಪಾಯವು ಬಂದಿದೆ, ಗಂಡಿನ ಮದವನ್ನು ಬಲ್ಲವರಿಗಲ್ಲದೆ ಇದು ಹೊಳೆಯದು. ಅದೇ ಗ್ರಂಥದಲ್ಲಿ ಮಾಂಸಪಾಕಗಳೂ ಉಂಟು. ಹುಣಸೂರಿನ ಬಳಿಯ ಕಲ್ಲಹಳ್ಳಿಯ ಅರಸನೂ ಚಂಗಾಳ್ವರ ಸಾಮಂತನೂ ಆಗಿದ್ದ ಮೂರನೆಯ ಮಂಗರಸನು 16ನೆಯ ಶತಮಾನದ ಆದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದನಾದರೂ, ಜೈನನಾದುದರಿಂದ ಅದರಲ್ಲಿ ಮಾಂಸದ ಸುಳಿವೇ ಇಲ್ಲ. ಕಾಡಿನ ಮಗ್ಗುಲಲ್ಲೇ ಹುಟ್ಟಿದ ಪಾಕಶಾಸ್ತ್ರವು ಬೇಟೆಯ ಚರಿತ್ರೆಗೆ ಹೀಗೆ ನಿರುಪಯೋಗವಾಗಿದೆ!

ನಿಷೇಧವನ್ನು ಎರಡು ಬಗೆಯಾಗಿ ಮಾಡಬಹುದು: ಕಾಲವನ್ನು ಹಿಡಿದು, ಇಲ್ಲವೆ ಪ್ರಾಣಿಯ ಸ್ಥಿತಿಯನ್ನು ಹಿಡಿದು. ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಎರಡೂ ಇವೆ. ಗಬ್ಬವಾದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದೆಂಬುದು ಸ್ಥಿತಿನಿಯಮ. ಗೊತ್ತಾದ ತಿಥಿಗಳಲ್ಲಿ ಆನೆಗಾಡುಗಳಲ್ಲಿ ಜೀವಿಗಳನ್ನು ಕೊಲ್ಲಬಾರದೆಂಬುದು ಕಾಲನಿಯಮ. ಊರಿನ ಪ್ರಾಣಿಗೆ ಸ್ಥಿತಿಯನ್ನೂ ಕಾಡಿನ ಪ್ರಾಣಿಗೆ ತಿಥಿಯನ್ನೂ ವಿಧಿಸಿರುವುದು ಗಮನಾರ್ಹ: ಕಾಡಿನೊಳಗೆ ಹೋಗಿ ಗಬ್ಬವನ್ನು ಪರೀಕ್ಷಿಸುವ ಅಧಿಕಾರಿ ಯಾವ ರಾಜ್ಯದಲ್ಲಿಯೂ ಇರಲಾರನು. ಭಾರತದ ಕಿಂದಮನಾದರೋ ಕಾಡಿನ ಮೃಗದ ಪರವಾಗಿಯೇ ಸ್ಥಿತಿನಿಯಮವನ್ನು ವಾದಿಸುವನು. ಬೇಟೆಯು ರಾಜರಿಗೆ ಧರ್ಮವೆಂದು ಪಾಂಡುವು ಹೇಳಿದಾಗ, ಮೃಗವನ್ನು ಕೊಂದುದಕ್ಕೆ ತನ್ನ ಆಕ್ಷೇಪವಿಲ್ಲ, ಸಂಗಮವು ಮುಗಿಯುವವರೆಗೆ ಕಾಯದೆ ಇದ್ದುದೇ ಅಪರಾಧವೆಂದು ಮುನಿಯ ಉತ್ತರ. ಅಲ್ಲಿ ಮಾಸದ ಪ್ರಸ್ತಾಪಕ್ಕೆ ಅವಕಾಶವೇ ಇಲ್ಲ. ಆದುದರಿಂದ ಋತು ಯಾವುದೆಂಬ ಪ್ರಶ್ನೆಗೆ ನಕ್ಷತ್ರದ ಹೆಸರಿನಿಂದ ಉತ್ತರ ಹೇಳುವುದು ಕಥೆಯ ಮರ್ಮವನ್ನೇ ಬಿಟ್ಟಂತೆ.

ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗೆ ರೆಗ್ಯುಲೇಷನ್ ಬಂದಿತು. 1955ರಲ್ಲಿ ನಾಗರಹೊಳೆಯು ರಕ್ಷಿತಾರಣ್ಯವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ಮುಂದಿನ ತಿದ್ದುಪಡಿಗಳಿಂದ ಜಿಂಕೆಯ ಬೇಟೆಯೇ ನಿಷಿದ್ಧವಾಗಿ, ಬೆದೆಯ ಕಾಲವು ಬೇಟೆಗಾರನ ಕೈಬಿಟ್ಟು ಪ್ರಾಣಿಶಾಸ್ತ್ರಜ್ಞನ ಕೈಗೆ ಬಂದಿತು. ಹಿಂದೆ ಕಾಕನಕೋಟೆಯ ಖೆಡ್ಡಾದಲ್ಲಿ ಆನೆಗಳ ಜಾಡು ಹಿಡಿಯುತ್ತಿದ್ದ ಜೇನುಕುರುಬರು ಹೆಜ್ಜೆ, ಲದ್ದಿ, ಮುರಿದ ಕೊಂಬೆಗಳಿಂದ ತಿಳಿಯುತ್ತಿದ್ದುದನ್ನು ಇವರು ಕೊಂಬುಗಳನ್ನು ಎಣಿಸಿ ತಿಳಿಯುತ್ತಾರೆ. ಅದಕ್ಕೆ ಅನುಕೂಲವಾದ ಸ್ಥಳವೂ ಹೆಗ್ಗಡದೇವನಕೋಟೆಯಲ್ಲಿಯೇ ಇದೆ. ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರು ಬೇಸಗೆಯಲ್ಲಿ ಇಳಿದಾಗ ದಡದುದ್ದಕ್ಕೂ ಹಸುರುಹುಲ್ಲು ಏಳುವುದು. ಆಗ ಅಲ್ಲಿ ನೆರೆಯುವ ಚುಕ್ಕೆಜಿಂಕೆಗಳ ಒಂದೇ ಹಿಂಡಿನಲ್ಲಿ ಕೊಂಬು ಬಲಿತು ಬೆದೆಗೇರಿದ ಗಂಡೂ, ಅದರ ಪಕ್ಕದಲ್ಲಿಯೇ ತೊಗಲು ಕಳಚದ ಎಳೆಗೊಂಬಿನ ಗಂಡೂ, ಆಗತಾನೆ ಕೊಂಬುದುರಿಸಿ ಬೋಳುತಲೆಯಾದ ಗಂಡೂ ಮೇಯುತ್ತಿರುವುವು.