ನಿರ್ಲಕ್ಷ್ಯದಿಂದ ಸಾವು (ಭಾರತೀಯ ದಂಡಕಾನೂನು)

ಕೊಲ್ಲುವ ಉದ್ದೇಶವಾಗಲಿ, ಸಾವು ಸಂಭವಿಸೀತೆಂಬ ಅರಿವಾಗಲಿ ಇಲ್ಲದೆ, ದುಡುಕಿನಿಂದ ಅಥವಾ ಅಜಾಗರೂಕತೆಯಿಂದ ಇನ್ನೊಬ್ಬರ ಸಾವಿಗೆ ಕಾರಣವಾಗುವ ಅಪರಾಧ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಮೊದಲು ಇದಕ್ಕೆ ಪ್ರತ್ಯೇಕ ಕಲಮು ಇರಲಿಲ್ಲ. 1870ರಲ್ಲಿ 304-ಎ ಕಲಮು ಸೇರಿ, ಗರಿಷ್ಠ ಎರಡು ವರ್ಷಗಳ ಸೆರೆವಾಸ ಗೊತ್ತಾಯಿತು. ಬೇಕೆಂದೇ ಹೊಡೆದು ಸಾವು ತಂದ ಪ್ರಕರಣಗಳು ಇದರಡಿ ಬರುತ್ತಿರಲಿಲ್ಲ. ಸಾಯಬಹುದೆಂದು ಗೊತ್ತಿದ್ದೂ ಮಾಡಿದ ಕೃತ್ಯವಾದರೆ ಅದು ದಂಡನೀಯ ನರಹತ್ಯೆ. ಅದಕ್ಕೆ 304ನೇ ಕಲಮಿನ ಎರಡನೆಯ ಭಾಗದ ಪ್ರಕಾರ ಹತ್ತು ವರ್ಷಗಳವರೆಗೆ ಶಿಕ್ಷೆಯಿತ್ತು. ಎರಡು ವರ್ಷವೋ ಹತ್ತು ವರ್ಷವೋ ಎಂಬುದು ಹೀಗೆ ‘ಅರಿವು’ ಎಂಬ ಒಂದೇ ಅಂಶದ ಮೇಲೆ ನಿಂತಿತ್ತು. ಈ ಅರಿವನ್ನು ಸ್ಟೀರಿಂಗ್ ಹಿಡಿದವನಲ್ಲಿ ಸುಲಭವಾಗಿ ಕಂಡ ನ್ಯಾಯಾಲಯಗಳು, ದೂರದಿಂದ ಕಾರ್ಖಾನೆ ನಡೆಸುವವರಲ್ಲಿ ಅಷ್ಟು ಸುಲಭವಾಗಿ ಕಂಡಿಲ್ಲ.

2006ರ ನವೆಂಬರಿನಲ್ಲಿ ಮುಂಬೈನ ಬಾಂದ್ರಾದಲ್ಲಿ ಕುಡಿದು ಓಡಿಸಿದ ಕಾರೊಂದು ಕಾರ್ಟರ್ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಏಳು ಕೂಲಿಕಾರರನ್ನು ಬಲಿ ತೆಗೆದುಕೊಂಡಿತು. ಕುಡಿದು ವೇಗವಾಗಿ ಓಡಿಸಿದವನಿಗೆ ಪರಿಣಾಮದ ಅರಿವಿತ್ತೆಂದು ಸುಪ್ರೀಂ ಕೋರ್ಟು 2012ರಲ್ಲಿ ಒಪ್ಪಿ, 304ರ ಎರಡನೆಯ ಭಾಗದಡಿಯ ಮೂರು ವರ್ಷಗಳ ಶಿಕ್ಷೆಯನ್ನು ಎತ್ತಿಹಿಡಿಯಿತು. ಭೋಪಾಲದ ಕಥೆಯೇ ಬೇರೆ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಅನಿಲ ಸೋರಿದಾಗ ಅದರ ತೊಟ್ಟಿಯನ್ನು ತಂಪಾಗಿಡುವ ಯಂತ್ರ ಬಂದಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರವೂ ಕೆಲಸಕ್ಕಿರಲಿಲ್ಲ. 1981ರಲ್ಲೇ ಫಾಸ್ಜೀನ್ ಸೋರಿ ಕಾರ್ಮಿಕನೊಬ್ಬ ಸತ್ತಿದ್ದ. 1982ರಲ್ಲಿ ಅಮೆರಿಕದ ಮಾತೃಸಂಸ್ಥೆಯ ತಂಡವೇ ಬಂದು ಸುರಕ್ಷತೆಯ ಲೋಪಗಳನ್ನು ಬರೆದಿಟ್ಟಿತ್ತು. ಇಷ್ಟಾದರೂ 1996ರಲ್ಲಿ ಸುಪ್ರೀಂ ಕೋರ್ಟು ಭಾರತೀಯ ಆರೋಪಿಗಳ ಮೇಲಿನ ದೋಷಾರೋಪವನ್ನು 304-ಎಗೆ ಇಳಿಸಿತು. 2010ರ ಜೂನ್ 7ರಂದು ಭೋಪಾಲದ ನ್ಯಾಯಾಲಯ ಏಳು ಮಂದಿಗೆ ಎರಡು ವರ್ಷಗಳ ಸಜೆ ವಿಧಿಸಿತು. ಅದಕ್ಕಿಂತ ಹೆಚ್ಚು ಕೊಡಲು ಆ ಕಲಮಿನಲ್ಲಿ ಜಾಗವೇ ಇರಲಿಲ್ಲ.

ಪರವಾನಗಿ ಪಡೆದು ಕಾರ್ಖಾನೆ ನಡೆಸುವುದೇ ಅಪರಾಧವಾಗದು, ದಂಡಕಾನೂನು ಹೆಣ ಎಣಿಸದೆ ಮನಸ್ಸನ್ನು ಅಳೆಯಬೇಕು ಎಂಬ ಆಕ್ಷೇಪಕ್ಕೆ ತೂಕವಿದೆ. 1964ರಲ್ಲಿ ಸುಪ್ರೀಂ ಕೋರ್ಟು ಮುಂಬೈಯ ಬಣ್ಣದ ಕಾರ್ಖಾನೆಯೊಂದರ ವ್ಯವಸ್ಥಾಪಕನನ್ನು 304-ಎಯಿಂದ ಬಿಡಿಸಿದ್ದು ಇಂಥ ಎಚ್ಚರದಿಂದಲೇ: ಏಳು ಕಾರ್ಮಿಕರು ಸತ್ತ ಆ ಬೆಂಕಿಗೆ ನೇರ ಕಾರಣ, ಬಿಸಿ ಡಾಂಬರಿಗೆ ಕೆಲಸಗಾರನೊಬ್ಬ ಅವಸರದಲ್ಲಿ ಟರ್ಪೆಂಟೈನ್ ಸುರಿದದ್ದು. ವೈದ್ಯರ ಮೇಲೆ ಮೊಕದ್ದಮೆ ಹೂಡಲು ಅವರ ನಿರ್ಲಕ್ಷ್ಯ ಘೋರವಾಗಿರಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದ್ದೂ ಸರಿಯೇ. ಕೈಮೀರಿದ ಸಾವಿಗೆಲ್ಲ ಜೈಲಾದರೆ ಕಷ್ಟದ ಶಸ್ತ್ರಚಿಕಿತ್ಸೆಗೆ ಯಾರೂ ಕೈಹಾಕರು. ಆದರೆ ಮನಸ್ಸನ್ನೇ ಅಳೆಯುವುದಾದರೆ ಲಿಖಿತ ಎಚ್ಚರಿಕೆಗಿಂತ ಒಳ್ಳೆಯ ಸಾಕ್ಷ್ಯ ಯಾವುದು? ಕುಡಿದವನ ಅರಿವನ್ನು ನ್ಯಾಯಾಲಯ ಊಹಿಸಿಕೊಳ್ಳಬೇಕು. ಭೋಪಾಲದಲ್ಲಿ ಅದು ಕಡತದಲ್ಲೇ ಇತ್ತು.

ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಗರಿಷ್ಠ ಶಿಕ್ಷೆಯನ್ನು ಐದು ವರ್ಷಕ್ಕೆ ಏರಿಸಿದೆ. ಚಿಕಿತ್ಸೆಯ ವೇಳೆ ನೋಂದಾಯಿತ ವೈದ್ಯರಿಂದಾದ ಲೋಪಕ್ಕೆ ಎರಡೇ ವರ್ಷ. ಅರಿವಿನ ಗೆರೆ, ಹಳೆಯ 304ರ ಜಾಗಕ್ಕೆ ಬಂದ 105ನೇ ಕಲಮಿನಲ್ಲಿ, ಇದ್ದಲ್ಲೇ ಇದೆ. ಅಪಘಾತ ಮಾಡಿ ತಿಳಿಸದೆ ಓಡಿಹೋಗುವ ಚಾಲಕನಿಗೆ ಹತ್ತು ವರ್ಷಗಳವರೆಗೆ ಶಿಕ್ಷೆ ವಿಧಿಸುವ 106(2)ನ್ನು, ಲಾರಿ ಚಾಲಕರ ಮುಷ್ಕರದ ನಂತರ, ಸಂಹಿತೆಯ ಉಳಿದ ಭಾಗದೊಂದಿಗೆ ಜಾರಿಗೆ ತರಲಿಲ್ಲ.